ಫೋನಿನ ಐಪಿ ವಿಳಾಸ ಪರದೆಯ ಮೇಲೆಯೇ ಕಾಣಬೇಕೆ? ಯಾವ ವಿಜೆಟ್ ಯಾರಿಗೆ ಸರಿ

ಏಣಿಯ ಮೇಲೆ ನಿಂತವನಿಗೆ ಬಿಡುವಾಗಿರುವುದು ಒಂದೇ ಕೈ. ಇನ್ನೊಂದು ಕೈಯಲ್ಲಿ ಕ್ಯಾಮೆರಾ, ಹಲ್ಲಿನ ನಡುವೆ ಸ್ಕ್ರೂ. ಆ ಹೊತ್ತಿನಲ್ಲಿ ನನ್ನ ಫೋನು ಯಾವ ವೈಫೈಗೆ ಸೇರಿಕೊಂಡಿದೆ, ಅದಕ್ಕೆ ಸಿಕ್ಕಿರುವ ಐಪಿ ವಿಳಾಸ, ಅಂದರೆ ಆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಏನು ಎಂದು ತಿಳಿಯಬೇಕಾದರೆ ಸೆಟ್ಟಿಂಗ್ಸ್ ತೆರೆಯಬೇಕು, ನೆಟ್‌ವರ್ಕ್ ಪುಟಕ್ಕೆ ಹೋಗಬೇಕು, ವೈಫೈ ಹೆಸರಿನ ಪಕ್ಕದ ಗುರುತನ್ನು ಒತ್ತಬೇಕು, ಪುಟವನ್ನು ಕೆಳಗಿನವರೆಗೆ ಎಳೆಯಬೇಕು. ಶಿವಮೊಗ್ಗದ ಸುತ್ತಮುತ್ತ ಮನೆ, ಅಂಗಡಿ, ಅಡಿಕೆ ಮಂಡಿಗಳಿಗೆ ಸಿಸಿಟಿವಿ ಮತ್ತು ವೈಫೈ ಜೋಡಿಸಿಕೊಡುವುದು ನನ್ನ ಕೆಲಸ. ಈ ನಾಲ್ಕು ಹೆಜ್ಜೆಯನ್ನು ದಿನಕ್ಕೆ ಹತ್ತಾರು ಸಲ ಹಾಕಿ ಸಾಕಾಗಿ, ವಿಳಾಸವನ್ನು ಹೋಮ್ ಸ್ಕ್ರೀನಿನಲ್ಲೇ ತೋರಿಸುವ ವಿಜೆಟ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಕೆಲವನ್ನು ಒಂದೇ ದಿನಕ್ಕೆ ತೆಗೆದುಹಾಕಿದೆ. ಒಂದನ್ನು ಮಾತ್ರ ತೆಗೆಯುವುದು ತಡವಾಯಿತು. ಅದರಿಂದ ಆದ ನಷ್ಟವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ವಿಜೆಟ್ ಆರಿಸುವಾಗ ನಾನು ಈಗ ನೋಡುವುದೆಲ್ಲ ಅಲ್ಲಿಂದ ಕಲಿತದ್ದು.

ಒಂದು ಅಂಗಡಿಯಲ್ಲಿ ಎರಡು ರೂಟರ್ ಇದ್ದವು. ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆ 192.168.1 ಸಾಲಿನ ವಿಳಾಸಗಳನ್ನು ಹಂಚುತ್ತಿತ್ತು. ಒಳಕೋಣೆಗೆ ಸಿಗ್ನಲ್ ಸಾಲದೆಂದು ಮಾಲೀಕರೇ ತಂದು ಹಾಕಿದ್ದ ಎರಡನೆಯದು 192.168.0 ಸಾಲಿನವನ್ನು ಹಂಚುತ್ತಿತ್ತು. ಕ್ಯಾಮೆರಾಗಳ ಚಿತ್ರ ಉಳಿಸಿಡುವ ರೆಕಾರ್ಡರನ್ನು ಒಳಗಿನ ರೂಟರಿಗೆ ಜೋಡಿಸಿದ್ದೆ. ಫೋನಿನ ವಿಜೆಟ್ 192.168.0.112 ಎಂದು ತೋರಿಸುತ್ತಿತ್ತು. ಸಾಲು ಸರಿಯಾಗಿದೆ, ಆದರೂ ರೆಕಾರ್ಡರಿನ ಪುಟ ತೆರೆಯುತ್ತಿಲ್ಲ. ತಂತಿಯ ಮೇಲೆ ಅನುಮಾನ ಬಂದು ತುದಿಯ ಕನೆಕ್ಟರ್ ಕತ್ತರಿಸಿ ಹೊಸದನ್ನು ಒತ್ತಿದೆ. ಆಗಲಿಲ್ಲ. ಇನ್ನೊಂದು ತುದಿಯದನ್ನೂ ಬದಲಿಸಿದೆ. ಸುಮಾರು ಒಂದು ಗಂಟೆ ಕಳೆದ ಮೇಲೆ ಸೆಟ್ಟಿಂಗ್ಸ್ ತೆರೆದು ನೋಡಿದರೆ ಅಲ್ಲಿದ್ದದ್ದು 192.168.1.23. ಅಂಗಡಿಯ ಮುಂಭಾಗಕ್ಕೆ ಬಂದಾಗಲೇ ಫೋನು ಹೊರಗಿನ ಪೆಟ್ಟಿಗೆಯ ವೈಫೈಗೆ ದಾಟಿತ್ತು. ಹೊರಗಿನ ಜಾಲದಲ್ಲಿರುವ ಫೋನಿಗೆ ಒಳಗಿನ ರೂಟರಿನ ಹಿಂದಿರುವ ಯಂತ್ರ ಸಿಗುವುದಿಲ್ಲ. ವಿಜೆಟ್ ಮಾತ್ರ ಹಳೆಯ ಅಂಕಿಯನ್ನೇ ಹಿಡಿದುಕೊಂಡು ಕೂತಿತ್ತು, ಅದು ಎಷ್ಟು ಹೊತ್ತಿಗೆ ತೆಗೆದುಕೊಂಡ ಅಂಕಿ ಎಂದು ಎಲ್ಲೂ ಬರೆದಿರಲಿಲ್ಲ.

ಆದ್ದರಿಂದ ನಾನು ಬಣ್ಣ, ಅಂದ, ರೇಟಿಂಗ್ ನೋಡುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಇದು ಯಾವ ವಿಳಾಸ? ಯಾವ ಹೊತ್ತಿನ ವಿಳಾಸ?

ಒಳಗಿನ ವಿಳಾಸ, ಹೊರಗಿನ ವಿಳಾಸ

ನಿಮ್ಮ ಫೋನಿಗೆ ಮನೆಯೊಳಗೆ ಒಂದು ವಿಳಾಸ, ಹೊರಜಗತ್ತಿಗೆ ಇನ್ನೊಂದು. ರೂಟರ್ ಹಂಚುವುದು ಒಳಗಿನದು. 192.168, 10, ಮತ್ತು 172.16ರಿಂದ 172.31ರವರೆಗೆ ಶುರುವಾಗುವ ವಿಳಾಸಗಳನ್ನು 1996ರಲ್ಲೇ ಖಾಸಗಿ ಬಳಕೆಗೆಂದು ಎತ್ತಿಟ್ಟಿದ್ದಾರೆ. ನಿಮ್ಮ ಮನೆಯಲ್ಲೂ 192.168.1.5 ಇರಬಹುದು, ಪಕ್ಕದ ಮನೆಯಲ್ಲೂ ಇರಬಹುದು, ಒಂದಕ್ಕೊಂದು ಅಡ್ಡಿಯಿಲ್ಲ. ಹೊರಗಿನದು ನೀವು ತೆರೆಯುವ ಜಾಲತಾಣಗಳಿಗೆ ಕಾಣುವ ವಿಳಾಸ. ಅದನ್ನು ಕೊಡುವುದು ಇಂಟರ್‌ನೆಟ್ ಕಂಪನಿ.

ಫೋನಿನಿಂದ ಕಂಪ್ಯೂಟರಿಗೆ ಕಡತ ಕಳಿಸುವವರಿಗೆ, ಹಳೆಯ ಫೋನನ್ನು ಕ್ಯಾಮೆರಾ ಮಾಡಿಕೊಂಡವರಿಗೆ, ಪ್ರಿಂಟರ್ ಹುಡುಕುವವರಿಗೆ, ನನ್ನಂತೆ ಜೋಡಣೆಯ ಕೆಲಸ ಮಾಡುವವರಿಗೆ ಬೇಕಾದದ್ದು ಒಳಗಿನ ವಿಳಾಸ. ಹಿಕ್‌ವಿಷನ್ ಕ್ಯಾಮೆರಾ ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ 192.168.1.64ರಲ್ಲಿ ಕೂತಿರುತ್ತದೆ, ದಹುವಾ ಕ್ಯಾಮೆರಾ 192.168.1.108ರಲ್ಲಿ. ಫೋನಿನ ವಿಳಾಸದಲ್ಲಿ ಚುಕ್ಕೆಯಿಂದ ಬೇರ್ಪಟ್ಟ ಮೊದಲ ಮೂರು ಭಾಗ ಅದಕ್ಕೆ ಹೊಂದುತ್ತವೆಯೇ ಎಂದು ಒಂದು ಕಣ್ಣು ಹಾಯಿಸಿದರೆ ಸಾಕು, ಮುಂದೇನು ಮಾಡಬೇಕೆಂದು ಗೊತ್ತಾಗುತ್ತದೆ.

ಹೊರಗಿನ ವಿಳಾಸ ಬೇಕಾಗುವವರು ಕಡಿಮೆ, ಆದರೆ ಅವರಿಗೆ ಅದು ತುಂಬ ಮುಖ್ಯ. ಕಚೇರಿಯ ಸರ್ವರ್ ಕೆಲವೇ ವಿಳಾಸಗಳಿಂದ ಬಂದವರನ್ನು ಒಳಗೆ ಬಿಡುವಂತಿದ್ದರೆ ಮನೆಯಿಂದ ಕೆಲಸ ಮಾಡುವವರು ಇದನ್ನು ನೋಡಬೇಕು. ವಿಪಿಎನ್ (ನಮ್ಮ ಸಂಪರ್ಕವನ್ನು ಬೇರೊಂದು ಸರ್ವರಿನ ಮೂಲಕ ಹಾಯಿಸುವ ವ್ಯವಸ್ಥೆ) ನಿಜಕ್ಕೂ ಹತ್ತಿದೆಯೇ ಎಂದು ಪರೀಕ್ಷಿಸುವವರಿಗೂ ಇದೇ ಬೇಕು. ನನಗೆ ಬೇಕಾಗುವುದು, ಗ್ರಾಹಕರು "ಊರಿಗೆ ಹೋದಾಗಲೂ ಅಂಗಡಿಯ ಕ್ಯಾಮೆರಾ ಕಾಣುವಂತೆ ಮಾಡಿಕೊಡಿ" ಎಂದಾಗ. ರೂಟರಿನ ಪುಟ ತೆರೆದು ಅದಕ್ಕೆ ಕಂಪನಿ ಕೊಟ್ಟಿರುವ ವಿಳಾಸವನ್ನು ನೋಡುತ್ತೇನೆ, ಪಕ್ಕದಲ್ಲಿ ವಿಜೆಟ್ ತೋರಿಸುವ ಹೊರಗಿನ ವಿಳಾಸವನ್ನು ಇಟ್ಟು ಹೋಲಿಸುತ್ತೇನೆ. ಎರಡೂ ಒಂದೇ ಆಗಿದ್ದರೆ ಪೋರ್ಟ್ ತೆರೆದು, ಅಂದರೆ ಹೊರಗಿನಿಂದ ಕ್ಯಾಮೆರಾ ತಲುಪಲು ರೂಟರಿನಲ್ಲಿ ಒಂದು ದಾರಿ ಬಿಟ್ಟು, ಕೆಲಸ ಮುಗಿಸಬಹುದು. ರೂಟರಿನಲ್ಲಿ 100.64ರಿಂದ 100.127ರ ನಡುವಿನ ಅಂಕಿ ಇದ್ದು ವಿಜೆಟ್ ಬೇರೆಯೇ ತೋರಿಸಿದರೆ, ಕಂಪನಿ ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದೆ ಎಂದರ್ಥ. ಹೀಗೆ ಹಂಚಿಕೊಳ್ಳಲೆಂದೇ ಆ ಸಾಲನ್ನು 2012ರಲ್ಲಿ ಮೀಸಲಿಟ್ಟರು. ಅಲ್ಲಿ ಪೋರ್ಟ್ ತೆರೆಯಲು ಒದ್ದಾಡಿ ಪ್ರಯೋಜನವಿಲ್ಲ, ಕಂಪನಿಯಿಂದ ಸ್ಥಿರ ವಿಳಾಸ ಕೊಳ್ಳಬೇಕು ಇಲ್ಲವೇ ಕ್ಯಾಮೆರಾ ಕಂಪನಿಯ ಕ್ಲೌಡ್ ಸೇವೆಯ ಮೂಲಕ ನೋಡಬೇಕು. ನಿಮ್ಮ ಫೋನಿನಲ್ಲಿ ಟೇಲ್‌ಸ್ಕೇಲ್ ಎಂಬ ವಿಪಿಎನ್ ಆ್ಯಪ್ ಇದ್ದರೆ ಒಂದು ಮಾತು ನೆನಪಿರಲಿ: ಅದೂ ಇದೇ 100ರ ಸಾಲಿನ ವಿಳಾಸಗಳನ್ನೇ ಬಳಸುತ್ತದೆ, ಹಾಗಾಗಿ ವಿಜೆಟ್‌ನಲ್ಲಿ 100 ಕಂಡ ತಕ್ಷಣ ಕಂಪನಿಯನ್ನು ದೂರಬೇಡಿ.

ವಿಜೆಟ್ ಆರಿಸುವಾಗ ಈ ಎರಡರಲ್ಲಿ ಯಾವುದನ್ನು ತೋರಿಸುತ್ತಿದೆ ಎಂದು ಅದೇ ಹೇಳಬೇಕು. ಬರೀ 'ಐಪಿ' ಎಂದು ಬರೆದು ಪಕ್ಕದಲ್ಲಿ ಅಂಕಿ ಇಟ್ಟರೆ ಸಾಲದು. 'ವೈಫೈ', 'ಮೊಬೈಲ್ ಡೇಟಾ', 'ವಿಪಿಎನ್', 'ಹೊರಗಿನದು' ಎಂದು ಹೆಸರು ಹಾಕಿ ತೋರಿಸುವುದನ್ನೇ ತೆಗೆದುಕೊಳ್ಳಿ.

ಅಂಕಿ ಏಕೆ ಹಳಸುತ್ತದೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಂಡ್ರಾಯ್ಡ್‌ನಲ್ಲಿ ವಿಜೆಟ್ ತಾನಾಗಿ ಹೊಸದಾಗಲು ಒಂದು ಅವಧಿಯನ್ನು ಹೇಳಿಡಬಹುದು, ಆದರೆ ಅದು 30 ನಿಮಿಷಕ್ಕಿಂತ ಕಡಿಮೆಯಾಗುವಂತಿಲ್ಲ. ಮೊದಲೆಲ್ಲ ಜಾಲ ಬದಲಾದ ಕೂಡಲೇ ಮಲಗಿದ್ದ ಆ್ಯಪ್‌ಗಳನ್ನೂ ವ್ಯವಸ್ಥೆಯೇ ಎಬ್ಬಿಸುತ್ತಿತ್ತು. ಬ್ಯಾಟರಿ ಉಳಿಸಲೆಂದು 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಆ ಏರ್ಪಾಡನ್ನು ನಿಲ್ಲಿಸಿದರು. ಫೋನು ಮೇಜಿನ ಮೇಲೆ ಅಲುಗಾಡದೆ ಮಲಗಿದ್ದರೆ ಆ ಅರ್ಧ ಗಂಟೆಯೂ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ನನ್ನ ವಿಜೆಟ್ 192.168.0.112 ಎಂದು ಹೇಳುತ್ತಲೇ ಇದ್ದದ್ದು ಇದೇ ಕಾರಣಕ್ಕೆ.

ಹೀಗಾಗಿ ಆಂಡ್ರಾಯ್ಡ್ ವಿಜೆಟ್‌ಗಳು ಮೂರು ಬಗೆಯಾಗುತ್ತವೆ. ಅರ್ಧ ಗಂಟೆಗೊಮ್ಮೆ ಮಾತ್ರ ಎಚ್ಚರವಾಗುವ ಸಾದಾ ವಿಜೆಟ್ ಮೊದಲನೆಯದು. ಇದು ಬ್ಯಾಟರಿ ತಿನ್ನುವುದಿಲ್ಲ, ಹಗುರ. ಮನೆಯ ಒಂದೇ ವೈಫೈನಲ್ಲಿ ದಿನವಿಡೀ ಇರುವವರಿಗೆ ಇದೇ ಸಾಕು. ಜಾಲದಿಂದ ಜಾಲಕ್ಕೆ ಓಡಾಡುವವರು ಇದನ್ನು ಮುಟ್ಟಲೇಬಾರದು.

ಎರಡನೆಯದು ಹಿನ್ನೆಲೆಯಲ್ಲಿ ಸದಾ ಎಚ್ಚರವಾಗಿದ್ದು ಕಾವಲು ಕಾಯುವಂಥದ್ದು. ವೈಫೈ ಬದಲಾದ ಒಂದೆರಡು ಸೆಕೆಂಡಿನಲ್ಲಿ ಅಂಕಿ ಬದಲಾಗುತ್ತದೆ, ನೋಡಲು ಹಿತ. ಇದಕ್ಕೆ ಬೆಲೆ ಏನೆಂದರೆ ಮೇಲಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದು ಸೂಚನೆ ಬಂದು ಕೂರುತ್ತದೆ, ಏಕೆಂದರೆ ಹೀಗೆ ಎಚ್ಚರವಾಗಿರುವ ಆ್ಯಪ್ ತನ್ನ ಇರವನ್ನು ಸೂಚನೆಯ ಮೂಲಕ ತೋರಿಸಬೇಕೆಂಬುದು ಆಂಡ್ರಾಯ್ಡ್‌ನ ನಿಯಮ. ಜೊತೆಗೆ ಹಲವು ಫೋನ್‌ಗಳ ಬ್ಯಾಟರಿ ಉಳಿತಾಯ ವ್ಯವಸ್ಥೆ ಇಂಥ ಕಾವಲುಗಾರನನ್ನು ಸದ್ದಿಲ್ಲದೆ ಮಲಗಿಸಿಬಿಡುತ್ತದೆ. ಆಗ ಕಾವಲು ನಿಂತದ್ದು ನಿಮಗೆ ಗೊತ್ತಾಗುವುದಿಲ್ಲ, ಅಂಕಿ ಮಾತ್ರ ಇದ್ದಲ್ಲೇ ಇರುತ್ತದೆ. ಈ ಬಗೆಯದನ್ನು ಹಾಕಿಕೊಳ್ಳುವುದಾದರೆ ಆ್ಯಪ್‌ನ ಬ್ಯಾಟರಿ ಪುಟಕ್ಕೆ ಹೋಗಿ ನಿರ್ಬಂಧ ತೆಗೆದುಬಿಡಿ, ಅದನ್ನು ಮಾಡದೆ ನಂಬಬೇಡಿ.

ಮೂರನೆಯದು ಬೆರಳಿಟ್ಟಾಗ ಮಾತ್ರ ಹೊಸದಾಗುವಂಥದ್ದು, ಅಂಕಿಯ ಕೆಳಗೆ '4:12ಕ್ಕೆ ನೋಡಿದ್ದು' ಎಂಬಂತೆ ಹೊತ್ತು ಬರೆದಿರುವಂಥದ್ದು. ನಾನು ಆರಿಸಿಕೊಂಡದ್ದು ಇದನ್ನೇ. ತಾನಾಗಿ ಬದಲಾಗುವುದಿಲ್ಲ ಎಂಬುದು ಮೇಲ್ನೋಟಕ್ಕೆ ಕೊರತೆಯಂತೆ ಕಾಣುತ್ತದೆ. ಆದರೆ ಏಣಿಯ ಮೇಲಿರುವವನಿಗೆ ಹೆಬ್ಬೆರಳಿನ ಒಂದು ಒತ್ತು ಭಾರವಲ್ಲ. ಅಂಕಿ ಎಷ್ಟು ಹಳೆಯದೆಂದು ಅದೇ ಹೇಳುವುದರಿಂದ ಮೋಸ ಹೋಗುವ ಸಂದರ್ಭ ಬರುವುದಿಲ್ಲ. ಆ ದಿನ ನನ್ನ ಪರದೆಯ ಮೇಲೆ ಹೊತ್ತು ಬರೆದಿದ್ದರೆ ಆ ಎರಡು ಕನೆಕ್ಟರ್ ಉಳಿಯುತ್ತಿದ್ದವು.

ಐಫೋನಿನಲ್ಲಿ ಮಾತೇ ಬೇರೆ. ಹೋಮ್ ಸ್ಕ್ರೀನಿನಲ್ಲಿ ವಿಜೆಟ್ ಬಂದದ್ದೇ 2020ರ ಐಓಎಸ್ 14ರಲ್ಲಿ. ಪದೇ ಪದೇ ನೋಡುವ ವಿಜೆಟ್ ಆದರೂ ದಿನಕ್ಕೆ ಸುಮಾರು 40ರಿಂದ 70 ಸಲ ಹೊಸದಾಗಲು ಮಾತ್ರ ವ್ಯವಸ್ಥೆ ಅವಕಾಶ ಕೊಡುತ್ತದೆ, ಅದೂ ತನಗೆ ಅನುಕೂಲವಾದ ಹೊತ್ತಿನಲ್ಲಿ. 2023ರ ಐಓಎಸ್ 17ರಿಂದ ವಿಜೆಟ್‌ನೊಳಗೇ ಗುಂಡಿ ಇಡಬಹುದು, ಆದ್ದರಿಂದ ಈಗ ಯಾವುದೇ ಐಫೋನ್ ವಿಜೆಟ್ ತೆಗೆದುಕೊಂಡರೂ ಹೊಸದಾಗಿಸುವ ಗುಂಡಿ ಇದೆಯೇ ಎಂದು ನೋಡಿ. ಆದರೆ ಐಫೋನ್ ಇರುವವರಿಗೆ ನನ್ನ ಮೊದಲ ಸಲಹೆ ಹೊಸ ಆ್ಯಪ್ ಹಾಕಿಕೊಳ್ಳುವುದಲ್ಲ. ಫೋನಿನಲ್ಲೇ ಇರುವ ಶಾರ್ಟ್‌ಕಟ್ಸ್ ಆ್ಯಪ್‌ನಲ್ಲಿ ಸದ್ಯದ ಐಪಿ ವಿಳಾಸವನ್ನು ತೆಗೆದುಕೊಡುವ ಒಂದು ಕ್ರಿಯೆ ಸಿದ್ಧವಾಗಿಯೇ ಇದೆ. ಒಳಗಿನದೋ ಹೊರಗಿನದೋ ಎಂದು ಅಲ್ಲಿಯೇ ಆರಿಸಬಹುದು. ಅದಕ್ಕೆ ಫಲಿತಾಂಶ ತೋರಿಸುವ ಇನ್ನೊಂದು ಕ್ರಿಯೆಯನ್ನು ಜೋಡಿಸಿ, ಆ ಶಾರ್ಟ್‌ಕಟ್ಟನ್ನು ವಿಜೆಟ್ ಆಗಿ ಪರದೆಯ ಮೇಲೆ ಇಡಿ. ಒತ್ತಿದಾಗಲಷ್ಟೇ ಕಾಣುತ್ತದೆ, ಕಂಡದ್ದು ಯಾವಾಗಲೂ ಆ ಕ್ಷಣದ್ದೇ. ದುಡ್ಡಿಲ್ಲ, ಜಾಹೀರಾತಿಲ್ಲ. ಜಾವಾಸ್ಕ್ರಿಪ್ಟ್ ಬರೆಯಬಲ್ಲವರು ಸ್ಕ್ರಿಪ್ಟಬಲ್ ಆ್ಯಪ್‌ನಲ್ಲಿ ತಮಗೆ ಬೇಕಾದ ರೂಪದ ವಿಜೆಟ್ ಕಟ್ಟಿಕೊಳ್ಳಬಹುದು.

ಆಂಡ್ರಾಯ್ಡ್‌ನಲ್ಲಿ ಅದೇ ಬಗೆಯ ಸ್ವಂತ ಕಟ್ಟೋಣಕ್ಕೆ ಕೆಡಬ್ಲ್ಯುಜಿಟಿ ಮತ್ತು ಟಾಸ್ಕರ್ ಎಂಬ ಆ್ಯಪ್‌ಗಳಿವೆ. ಈಗಾಗಲೇ ಅವನ್ನು ಬಳಸುತ್ತಿರುವವರಿಗೆ ಒಳ್ಳೆಯದು. ಇದೊಂದಕ್ಕಾಗಿಯೇ ಕಲಿಯಲು ಕೂರುವುದಾದರೆ ಒಂದು ಭಾನುವಾರ ಹೋಗುತ್ತದೆ.

ಎರಡು ಜಾಲ ಒಟ್ಟಿಗೆ ಇದ್ದಾಗ

ವಿಜೆಟ್ ಹಾಕಿದ ಮೇಲೆ ನಾನು ಮಾಡುವ ಒಂದು ಪರೀಕ್ಷೆಯನ್ನು ನೀವೂ ಮಾಡಿ. ರೂಟರ್ ಚಾಲೂ ಇರಲಿ, ಅದಕ್ಕೆ ಬರುವ ಇಂಟರ್‌ನೆಟ್ ತಂತಿಯನ್ನು ಮಾತ್ರ ಕೀಳಿ. ಫೋನಿನಲ್ಲಿ ಮೊಬೈಲ್ ಡೇಟಾ ಹಾಕಿಡಿ. ಈಗ ಫೋನು ವೈಫೈನಲ್ಲೂ ಇದೆ, ಮೊಬೈಲ್ ಡೇಟಾದಲ್ಲೂ ಇದೆ. ವೈಫೈನಲ್ಲಿ ಇಂಟರ್‌ನೆಟ್ ಇಲ್ಲವೆಂದು ಗೊತ್ತಾದ ಕೂಡಲೇ ಆಂಡ್ರಾಯ್ಡ್ ಮೊಬೈಲ್ ಡೇಟಾವನ್ನೇ ಮುಖ್ಯ ಜಾಲವೆಂದು ಹಿಡಿಯುತ್ತದೆ. ಮುಖ್ಯ ಜಾಲವನ್ನಷ್ಟೇ ಕೇಳುವ ವಿಜೆಟ್ ಆಗ ಮೊಬೈಲ್ ಕಂಪನಿಯ ವಿಳಾಸ ತೋರಿಸುತ್ತದೆ, ವೈಫೈ ವಿಳಾಸ ಮಾಯ. ಇಂಟರ್‌ನೆಟ್ ಇಲ್ಲದ ರೆಕಾರ್ಡರ್ ಜಾಲದಲ್ಲಿ, ಕ್ಯಾಮೆರಾದ ಸ್ವಂತ ವೈಫೈನಲ್ಲಿ ಕೆಲಸ ಮಾಡುವವರಿಗೆ ಇಂಥ ವಿಜೆಟ್ ಪೂರ್ತಿ ನಿರುಪಯೋಗಿ. ವೈಫೈಗೆ ಒಂದು ಸಾಲು, ಡೇಟಾಕ್ಕೆ ಒಂದು ಸಾಲು ಎಂದು ಎರಡನ್ನೂ ತೋರಿಸುವುದು ಬೇಕು. ನಾನು ನೋಡಿದ ಹೆಚ್ಚಿನ ವಿಜೆಟ್‌ಗಳು ಸೋತದ್ದು ಇಲ್ಲಿಯೇ.

ಮೊಬೈಲ್ ಡೇಟಾದಲ್ಲಿ ಕೆಲವೊಮ್ಮೆ 192.0.0.4 ಎಂದು ಕಾಣುತ್ತದೆ. ಇದನ್ನು 192.168 ಎಂದು ಓದಿಕೊಂಡು ಗೊಂದಲಕ್ಕೆ ಬಿದ್ದವರನ್ನು ಕಂಡಿದ್ದೇನೆ. 2016ರಲ್ಲಿ ಜಿಯೋ ಬಂದಾಗಿನಿಂದ ನಮ್ಮಲ್ಲಿ ಮೊಬೈಲ್ ಜಾಲಗಳು ಐಪಿವಿ6 ಎಂಬ ಹೊಸ ಬಗೆಯ ವಿಳಾಸಗಳ ಕಡೆಗೆ ವೇಗವಾಗಿ ಸರಿದಿವೆ. ಜಾಲ ಹೊಸ ಬಗೆಯ ವಿಳಾಸವನ್ನಷ್ಟೇ ಕೊಟ್ಟಾಗ, ಹಳೆಯ ಬಗೆಯ ಆ್ಯಪ್‌ಗಳು ನಿಲ್ಲದಿರಲೆಂದು ಆಂಡ್ರಾಯ್ಡ್ ಫೋನಿನೊಳಗೇ ಒಂದು ಸೇತುವೆ ಕಟ್ಟಿಕೊಳ್ಳುತ್ತದೆ. 192.0.0.4 ಆ ಸೇತುವೆಯ ವಿಳಾಸ. ಅದು ಕಂಡರೆ ಫೋನು ಕೆಟ್ಟಿಲ್ಲ, ಆದರೆ ಆ ಅಂಕಿಯಿಂದ ನಿಮಗೆ ಉಪಯೋಗವೂ ಇಲ್ಲ.

ಐಪಿವಿ6 ವಿಳಾಸ ಬಹಳ ಉದ್ದ. ನಾಲ್ಕು ನಾಲ್ಕು ಅಕ್ಷರಗಳ ಎಂಟು ಗುಂಪು. ಸಣ್ಣ ವಿಜೆಟ್‌ನಲ್ಲಿ ಬಾಲ ಕತ್ತರಿಸಿಹೋಗುತ್ತದೆ, ನಿಮಗೆ ಬೇಕಾಗಿರುವುದು ಸಾಮಾನ್ಯವಾಗಿ ಆ ಬಾಲವೇ. ಎಳೆದು ಅಗಲ ಮಾಡಬಹುದಾದದ್ದನ್ನು, ಒತ್ತಿದರೆ ವಿಳಾಸವನ್ನು ನಕಲು ಮಾಡಿಕೊಡುವುದನ್ನು ಆರಿಸಿ. ಇನ್ನೊಂದು: ಎಫ್‌ಇ80 ಎಂದು ಶುರುವಾಗುವ ಐಪಿವಿ6 ವಿಳಾಸ ಆ ಒಂದು ಜಾಲದ ಒಳಗೆ ಮಾತ್ರ ಸಲ್ಲುವಂಥದ್ದು. ಅದೊಂದನ್ನೇ ತೋರಿಸಿ ಸುಮ್ಮನಾಗುವ ವಿಜೆಟ್ ಬೇಡ.

ಐಫೋನಿನಲ್ಲೋ ವಿಂಡೋಸ್ ಕಂಪ್ಯೂಟರಿನಲ್ಲೋ 169.254 ಎಂದು ಕಂಡರೆ ರೂಟರಿನಿಂದ ವಿಳಾಸ ಸಿಕ್ಕಿಲ್ಲವೆಂದರ್ಥ. ರೂಟರನ್ನು ಬಂದ್ ಮಾಡಿ ಮತ್ತೆ ಹಾಕಿ.

ಏನನ್ನು ಕೇಳುತ್ತದೆ, ಯಾರನ್ನು ಕೇಳುತ್ತದೆ

ಒಳಗಿನ ವಿಳಾಸ ತೋರಿಸಲು ಆ್ಯಪ್‌ಗೆ ನಿಮ್ಮಿಂದ ಯಾವ ಅನುಮತಿಯೂ ಬೇಕಿಲ್ಲ. ಜಾಲದ ಸ್ಥಿತಿ ನೋಡುವ ಅನುಮತಿಯನ್ನು ಆಂಡ್ರಾಯ್ಡ್ ತಾನೇ ಕೊಟ್ಟಿರುತ್ತದೆ. ಆದರೆ ವೈಫೈ ಹೆಸರನ್ನೂ ತೋರಿಸಬೇಕೆಂದರೆ ಆಂಡ್ರಾಯ್ಡ್ 10ರಿಂದ ಈಚೆಗೆ ನಿಖರವಾದ ಸ್ಥಳದ ಅನುಮತಿ ಬೇಕು, ಹಿನ್ನೆಲೆಯಲ್ಲೂ ತೋರಿಸುತ್ತಿರಬೇಕೆಂದರೆ ಅದನ್ನು ಸದಾಕಾಲಕ್ಕೆ ಕೊಡಬೇಕು. ವೈಫೈ ಹೆಸರು ಗೊತ್ತಾದರೆ ನೀವು ಎಲ್ಲಿದ್ದೀರಿ ಎಂದು ಊಹಿಸಬಹುದು, ಅದಕ್ಕೇ ಈ ಬಿಗಿ. ನಾನು ಕೊಡುವುದಿಲ್ಲ. ಹೆಸರು ಕಾಣದಿದ್ದರೂ ಅಂಕಿಯ ಸಾಲು ನೋಡಿಯೇ ಯಾವ ರೂಟರ್ ಎಂದು ತಿಳಿಯುತ್ತದೆ. ಹೆಸರು ಬಿಟ್ಟು ವಿಳಾಸ ಮಾತ್ರ ತೋರಿಸುವ ಆಯ್ಕೆ ಇಲ್ಲದೆ, ಸ್ಥಳದ ಅನುಮತಿ ಕೊಡುವವರೆಗೂ ಖಾಲಿ ಕೂರುವ ವಿಜೆಟ್ ಇದ್ದರೆ ತೆಗೆದುಹಾಕಿ. ಸಂಪರ್ಕಗಳ ಪಟ್ಟಿ, ಫೋಟೋ, ಕರೆಗಳ ಅನುಮತಿ ಕೇಳಿದರೆ ಯೋಚನೆಯನ್ನೂ ಮಾಡಬೇಡಿ.

ಹೊರಗಿನ ವಿಳಾಸ ಫೋನಿಗೆ ತಾನಾಗಿ ಗೊತ್ತಿರುವುದಿಲ್ಲ. ಹೊರಗೆ ಯಾರನ್ನಾದರೂ ಕೇಳಿಯೇ ತಿಳಿಯಬೇಕು. ವಿಜೆಟ್ ಪ್ರತಿ ಸಲವೂ ಒಂದು ಸರ್ವರಿಗೆ 'ನನ್ನ ವಿಳಾಸ ಯಾವುದು' ಎಂದು ಕೇಳುತ್ತದೆ, ಆ ಸರ್ವರ್ ತನಗೆ ಕಂಡದ್ದನ್ನು ಹೇಳುತ್ತದೆ. ಒಮ್ಮೆ ಕೇಳುವುದರಲ್ಲಿ ಅಪಾಯವಿಲ್ಲ, ನೀವು ತೆರೆಯುವ ಎಲ್ಲ ತಾಣಕ್ಕೂ ಅದು ಕಾಣುತ್ತಲೇ ಇರುತ್ತದೆ. ಆದರೆ ದಿನವಿಡೀ ಅರ್ಧ ಗಂಟೆಗೊಮ್ಮೆ ಕೇಳಿದರೆ, ನೀವು ಮನೆ ಬಿಟ್ಟದ್ದು, ಕಚೇರಿ ತಲುಪಿದ್ದು, ಮರಳಿದ್ದು ಎಲ್ಲದರ ಜಾಡು ಒಂದೇ ಕಡೆ ಬೀಳುತ್ತದೆ. ಆದ್ದರಿಂದ ಹೊರಗಿನ ವಿಳಾಸವನ್ನು ಒತ್ತಿದಾಗ ಮಾತ್ರ ತರುವ ವಿಜೆಟ್ ಆಗಲಿ, ಯಾವ ಸೇವೆಯನ್ನು ಕೇಳುತ್ತದೆಂದು ತೋರಿಸಲಿ. ಐಪಿಫೈಯಂತಹ ಹೆಸರುವಾಸಿ ಸೇವೆಯನ್ನು ನಾವೇ ಆರಿಸಲು ಬಿಟ್ಟರೆ ಇನ್ನೂ ಒಳ್ಳೆಯದು. ಪರದೆಯನ್ನು ಇತರರಿಗೆ ಹಂಚುವವರು, ಸ್ಕ್ರೀನ್‌ಶಾಟ್ ಕಳಿಸುವವರು ಹೊರಗಿನ ವಿಳಾಸವನ್ನು ಮೊದಲ ಪುಟದಲ್ಲಿ ಇಡುವುದು ಬೇಡ. 192.168ರದ್ದು ಕಂಡರೆ ಚಿಂತೆಯಿಲ್ಲ.

ವಿಜೆಟ್ ಬೇಡದಿರುವ ಕಡೆ

ಗೋಡೆಗೆ ಅಥವಾ ಅಟ್ಟದ ಕಿಟಕಿಗೆ ಕಟ್ಟಿ ಅಂಗಳದ ಅಡಿಕೆ ಕಾಯಲು ಇಟ್ಟ ಹಳೆಯ ಫೋನಿಗೆ ವಿಜೆಟ್ ಹಾಕಿಕೊಡಿ ಎಂದು ಕೇಳುವವರಿದ್ದಾರೆ. ಕರೆಂಟು ಹೋಗಿ ಬಂದಾಗಲೆಲ್ಲ ಅದರ ವಿಳಾಸ ಬದಲಾಗುತ್ತದೆ ಎಂಬುದು ಅವರ ಸಮಸ್ಯೆ. ಆದರೆ ವಿಜೆಟ್ ಹಾಕಿದರೂ ಅದನ್ನು ಓದಲು ಅಟ್ಟ ಹತ್ತಲೇಬೇಕಲ್ಲ. ಅಂಥ ಕಡೆ ರೂಟರಿನಲ್ಲೇ ಆ ಫೋನಿಗೆ ಒಂದು ವಿಳಾಸವನ್ನು ಕಾಯ್ದಿರಿಸಿ ಎಂದು ಹೇಳುತ್ತೇನೆ. ಇಲ್ಲಿ ಒಂದು ತೊಡಕಿದೆ: ರೂಟರ್ ಫೋನನ್ನು ಗುರುತಿಸುವುದು ಅದರ ಮ್ಯಾಕ್ ವಿಳಾಸದಿಂದ (ಸಾಧನಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತು ಸಂಖ್ಯೆ), ಆಂಡ್ರಾಯ್ಡ್ 10ರಿಂದಲೂ ಐಓಎಸ್ 14ರಿಂದಲೂ ಫೋನುಗಳು ನಿಜವಾದ ಮ್ಯಾಕ್ ಬದಲು ಒಂದು ತೋರಿಕೆಯದನ್ನು ಕೊಡುತ್ತವೆ. ಆದ್ದರಿಂದ ಫೋನಿನ ಪೆಟ್ಟಿಗೆಯ ಮೇಲೆ ಮುದ್ರಿಸಿದ ಮ್ಯಾಕ್ ಬರೆದುಕೊಂಡರೆ ಕೆಲಸವಾಗುವುದಿಲ್ಲ. ಆ ವೈಫೈನ ವಿವರ ಪುಟದಲ್ಲಿ ಕಾಣುವ ಮ್ಯಾಕ್ ಅನ್ನೇ ರೂಟರಿಗೆ ಕೊಡಿ, ಇಲ್ಲವೇ ಅದೇ ಪುಟದಲ್ಲಿ ಸಾಧನದ ನಿಜವಾದ ಮ್ಯಾಕ್ ಬಳಸುವಂತೆ ಬದಲಿಸಿ. ಒಮ್ಮೆ ಮಾಡಿದರೆ ಎಷ್ಟು ಸಲ ಕರೆಂಟು ಹೋದರೂ ಅದೇ ವಿಳಾಸ ಬರುತ್ತದೆ.

ಫೋನಿನಿಂದ ಕಂಪ್ಯೂಟರಿಗೆ ಫೋಟೋ ಕಳಿಸಲು ಎಫ್‌ಟಿಪಿ ಆ್ಯಪ್ ಬಳಸುವವರಿಗೂ ಪ್ರತ್ಯೇಕ ವಿಜೆಟ್ ಬೇಕಿಲ್ಲ, ಶುರು ಮಾಡಿದ ಕೂಡಲೇ ಆ ಆ್ಯಪ್ ಪೂರ್ತಿ ವಿಳಾಸವನ್ನು ತಾನೇ ತೋರಿಸುತ್ತದೆ. ತಿಂಗಳಿಗೊಮ್ಮೆ ನೋಡುವವರಿಗೆ ಸೆಟ್ಟಿಂಗ್ಸ್ ಸಾಕು.

ನನ್ನ ಫೋನಿನಲ್ಲಿ ಈಗ ಇರುವುದು ಎರಡು. ಮೊದಲ ಪುಟದ ಕೆಳಭಾಗದಲ್ಲಿ, ಹೆಬ್ಬೆರಳು ಎಟುಕುವಲ್ಲಿ, ವೈಫೈ ಮತ್ತು ಡೇಟಾದ ಒಳವಿಳಾಸಗಳನ್ನು ಬೇರೆ ಬೇರೆ ಸಾಲಿನಲ್ಲಿ ಹೊತ್ತಿನೊಂದಿಗೆ ತೋರಿಸುವ ವಿಜೆಟ್, ದಪ್ಪ ಅಕ್ಷರ, ಕಪ್ಪು ಹಿನ್ನೆಲೆ. ಬಿಸಿಲಿನಲ್ಲಿ ಮಹಡಿಯ ಮೇಲೆ ನಿಂತಾಗಲೂ ಓದಲು ಬರುತ್ತದೆ. ಎರಡನೆಯ ಪುಟದಲ್ಲಿ ಹೊರಗಿನ ವಿಳಾಸದ್ದು, ಒತ್ತಿದರೆ ಮಾತ್ರ ಮಾತನಾಡುವಂಥದ್ದು. ನನ್ನ ಜೊತೆ ಕೆಲಸ ಕಲಿಯುತ್ತಿರುವ ಹುಡುಗನ ಫೋನಿಗೂ ಇದೇ ಜೋಡಿ ಹಾಕಿಕೊಟ್ಟಿದ್ದೇನೆ. ಪುಟ ತೆರೆಯುತ್ತಿಲ್ಲವೆಂದು ಅವನು ಕೆಳಗಿನಿಂದ ಕೂಗಿದರೆ, ತಂತಿ ಮುಟ್ಟುವ ಮೊದಲು ನಾನು ಕೇಳುವುದು ವಿಳಾಸದ ಅಂಕಿಯನ್ನು ಮತ್ತು ಅದರ ಕೆಳಗೆ ಬರೆದಿರುವ ಹೊತ್ತನ್ನು.